ಎಸ್‌ಟಿಎಫ್: ನಮ್ಮ ಕಾಡು ಕಲಿಸಿದ ಪೊಲೀಸ್ ಪಾಠ

ಕೊಳ್ಳೇಗಾಲ, ಹನೂರು, ಯಳಂದೂರಿನ ಯಾವ ಮೈದಾನಕ್ಕಾದರೂ ಬೆಳಗಿನ ಜಾವ ಹೋಗಿ ನೋಡಿ. ನಾಲ್ಕಾರು ಹುಡುಗರು ಓಡುತ್ತಿರುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಗುಂಡು ಎಸೆಯಬೇಕು, ಉದ್ದ ಜಿಗಿಯಬೇಕು. ಸಂಜೆ ಅದೇ ಹುಡುಗರು ಗ್ರಂಥಾಲಯದಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಕೂತಿರುತ್ತಾರೆ. ಮೊದಲನೇ ಪಾಣಿಪತ್ ಯುದ್ಧ ಯಾವಾಗ, ಮೂರನೆಯದು ಯಾವಾಗ ಎಂದು ಬಾಯಿಪಾಠ ಮಾಡುತ್ತಾರೆ. ಆದರೆ ನಮ್ಮ ಮನೆ ಬಾಗಿಲಲ್ಲೇ ಹತ್ತಾರು ವರ್ಷ ನಡೆದ ಒಂದು ಯುದ್ಧದ ಬಗ್ಗೆ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಸಿನಿಮಾ, ವೆಬ್ ಸರಣಿಗಳಲ್ಲಿ ನೋಡಿದ್ದೇವೆ. ವೀರಪ್ಪನ್ ಮೀಸೆ ನೆನಪಿದೆ. ಅವನನ್ನು ಹಿಡಿಯಲೆಂದೇ ಹುಟ್ಟಿದ ಪಡೆಯ ಕಥೆ ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಆ ಪಡೆಯ ಹೆಸರು ವಿಶೇಷ ಕಾರ್ಯಪಡೆ. ನಮ್ಮ ಊರಿನವರ ಬಾಯಲ್ಲಿ ಎಸ್‌ಟಿಎಫ್. ಬೆಂಗಳೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ವಾಹನಗಳು ಸತ್ತೇಗಾಲ ಹ್ಯಾಂಡ್‌ಪೋಸ್ಟ್ ದಾಟಿ, ಕೊಳ್ಳೇಗಾಲ, ಕಾಮಗೆರೆ, ಹನೂರು, ಕೌದಳ್ಳಿ ಮೇಲೆ ಹೋಗುತ್ತವೆ. ಈ ರಸ್ತೆಯ ಆಚೀಚೆ ಇರುವ ಊರುಗಳ ಹಿರಿಯರನ್ನು ಕೇಳಿದರೆ ಎರಡು ಬಗೆಯ ಮಾತು ಸಿಗುತ್ತದೆ. ‘ಪಾಪ, ಎಷ್ಟು ಜನ ಪೊಲೀಸರು ಸತ್ತರು’ ಎನ್ನುವವರು ಇದ್ದಾರೆ. ‘ಅವನಿಗಿಂತ ಪೊಲೀಸರಿಗೇ ಹೆಚ್ಚು ಹೆದರುತ್ತಿದ್ದೆವು’ ಎನ್ನುವವರೂ ಇದ್ದಾರೆ. ಎರಡೂ ಸುಳ್ಳಲ್ಲ. ಎರಡೂ ಒಟ್ಟಿಗೆ ಹೇಗೆ ನಿಜವಾಯಿತು ಎಂಬುದನ್ನು ಕಾಕಿ ತೊಡಲು ಹೊರಟವರು ತಿಳಿದುಕೊಳ್ಳಬೇಕು ಅನ್ನಿಸುತ್ತದೆ.

ಗಡಿ, ಗಂಧ, ದಂತ

ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಮರುವಿಂಗಡಣೆಯಾದ ಮೇಲೆ ಮೈಸೂರು ರಾಜ್ಯಕ್ಕೆ ಬಂತು. ನಕ್ಷೆಯಲ್ಲಿ ಗೆರೆ ಎಳೆದರೂ ಕಾಡು ಮಾತ್ರ ಒಂದೇ. ಮಾದಪ್ಪನ ಬೆಟ್ಟದಿಂದ ಪಾಲಾರ್ ಇಳಿದರೆ ಆಚೆ ತಮಿಳುನಾಡಿನ ಮೆಟ್ಟೂರು, ಸತ್ಯಮಂಗಲ ಕಡೆಗೆ ಹೋದರೂ ಅದೇ ಬೆಟ್ಟಸಾಲು. ಒಂದು ರಾಜ್ಯದ ಪೊಲೀಸರು ಅಟ್ಟಿದರೆ ಇನ್ನೊಂದು ರಾಜ್ಯಕ್ಕೆ ದಾಟಿದರಾಯಿತು. ಈಗಿನ ಹನೂರು ತಾಲ್ಲೂಕಿನ ಗೋಪಿನಾಥಂನಲ್ಲಿ 1952ರಲ್ಲಿ ಹುಟ್ಟಿದ ವೀರಪ್ಪನ್‌ಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ಆನೆ ಕೊಂದು ದಂತ, ಮರ ಕಡಿದು ಗಂಧ ಸಾಗಿಸುತ್ತಿದ್ದ. ಅಡ್ಡ ಬಂದ ಅರಣ್ಯ ಸಿಬ್ಬಂದಿಯನ್ನು ಕೊಂದ.

ಎಲ್ಲ ಅಧಿಕಾರಿಗಳೂ ಬಂದೂಕನ್ನೇ ನಂಬಿದ್ದರು ಅಂದುಕೊಳ್ಳಬೇಡಿ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂನ ಜನರ ನಡುವೆಯೇ ಇದ್ದು, ಅವರಿಗೆ ಬೇಕಾದ ಕೆಲಸ ಮಾಡಿಕೊಡುತ್ತಾ, ಗುಂಪಿನಲ್ಲಿದ್ದವರನ್ನು ಮನವೊಲಿಸಿ ಶರಣಾಗಿಸಲು ಪ್ರಯತ್ನಿಸಿದರು. ಅಲ್ಲಿನ ಮಾರಿಯಮ್ಮನ ಗುಡಿಗೂ ಅವರ ಹೆಸರಿಗೂ ಇಂದಿಗೂ ನಂಟಿದೆ. ಶರಣಾಗುತ್ತೇನೆಂಬ ಮಾತು ನಂಬಿ ಆಯುಧವಿಲ್ಲದೆ ಕಾಡಿಗೆ ಹೋದ ಅವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದು ತಲೆ ಕಡಿದ. ಸರ್ಕಾರ ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ನೀಡಿತು. ವೀರಪ್ಪನ್ ಹುಟ್ಟಿದ ಊರಿನವರೇ ಈಗಲೂ ಶ್ರೀನಿವಾಸ್ ಅವರನ್ನು ಕೈಮುಗಿದು ನೆನೆಯುತ್ತಾರೆ. ಹೆದರಿಸಿ ಪಡೆಯುವ ಮರ್ಯಾದೆಗೂ ಪ್ರೀತಿಯಿಂದ ಸಿಗುವ ಮರ್ಯಾದೆಗೂ ಇರುವ ವ್ಯತ್ಯಾಸ ನೋಡಲು ಬೇರೆಲ್ಲೂ ಹೋಗಬೇಕಿಲ್ಲ.

ಪಡೆ ಬೆಳೆದದ್ದು ಹೀಗೆ

1990ರ ದಶಕದ ಆರಂಭದಲ್ಲಿ ಕರ್ನಾಟಕ ಮತ್ತು ತಮಿಳುನಾಡು ಎರಡೂ ವಿಶೇಷ ಕಾರ್ಯಪಡೆ ಕಟ್ಟಿದವು. ಸಾಮಾನ್ಯ ಠಾಣೆಯ ಪೊಲೀಸರಿಗೆ ಕಾಡಿನಲ್ಲಿ ದಿನಗಟ್ಟಲೆ ನಡೆದು, ಮಳೆಯಲ್ಲಿ ಮಲಗಿ, ಹೊಂಚು ಹಾಕಿ ಕಾಯುವ ಅಭ್ಯಾಸ ಇರಲಿಲ್ಲ. ಹಾಗಾಗಿ ಬೇರೆ ಬೇರೆ ಕಡೆಯಿಂದ ಸಿಬ್ಬಂದಿಯನ್ನು ಆರಿಸಿ ತರಲಾಯಿತು.

1992 ಭೀಕರ ವರ್ಷ. ಆ ವರ್ಷ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿದ ಗುಂಪು ಐವರು ಪೊಲೀಸರನ್ನು ಕೊಂದು ಬಂದೂಕು, ಗುಂಡು ಹೊತ್ತೊಯ್ದಿತು. ಆಗಸ್ಟ್ 14ರಂದು, ನಾಳೆ ಸ್ವಾತಂತ್ರ್ಯ ದಿನ ಎನ್ನುವಾಗ, ಮೈಸೂರು ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹಾಗೂ ನಾಲ್ವರು ಸಿಬ್ಬಂದಿ ಮೀಣ್ಯಂ ಬಳಿ ಗುಂಡಿಗೆ ಬಲಿಯಾದರು. ವೀರಪ್ಪನ್ ಇರುವ ಜಾಗದ ಸುಳಿವು ಸಿಕ್ಕಿದೆ ಎಂದು ಹೊರಟಿದ್ದರು. ಆ ಸುಳಿವೇ ಬಲೆಯಾಗಿತ್ತು.

1993ರ ಏಪ್ರಿಲ್ 9ರ ಪಾಲಾರ್ ಸ್ಫೋಟ ಎಲ್ಲವನ್ನೂ ಬದಲಿಸಿತು. ತಮಿಳುನಾಡಿನ ಎಸ್‌ಪಿ ಗೋಪಾಲಕೃಷ್ಣನ್, ಜನ ‘ರ‍್ಯಾಂಬೊ’ ಎಂದು ಕರೆಯುತ್ತಿದ್ದವರು, ತಮ್ಮ ತಂಡದೊಂದಿಗೆ ಹೋಗುತ್ತಿದ್ದಾಗ ರಸ್ತೆಯಲ್ಲಿ ಹೂತಿಟ್ಟಿದ್ದ ನೆಲಬಾಂಬ್ ಸಿಡಿಯಿತು. 22 ಮಂದಿ ಸತ್ತರು. ಗೋಪಾಲಕೃಷ್ಣನ್ ತೀವ್ರವಾಗಿ ಗಾಯಗೊಂಡು ಬದುಕಿದರು. ಈ ಸುದ್ದಿಯಲ್ಲಿ ನಾವು ಗಮನಿಸದ ಒಂದು ಅಂಶ ಇದೆ. ಸತ್ತವರಲ್ಲಿ ಪೊಲೀಸರಿಗಿಂತ, ದಾರಿ ತೋರಿಸಲು, ಸುದ್ದಿ ಕೊಡಲು ಬಂದಿದ್ದ ಊರಿನ ಜನರೇ ಹೆಚ್ಚು. ಅವರಿಗೆ ಸಮವಸ್ತ್ರ ಇರಲಿಲ್ಲ, ಪಿಂಚಣಿ ಇರಲಿಲ್ಲ, ಹುತಾತ್ಮರ ದಿನದಂದು ಹೆಸರು ಓದುವವರೂ ಕಡಿಮೆ. ಅದೇ ಮೇ ತಿಂಗಳಲ್ಲಿ ಬೆಟ್ಟದ ಹತ್ತಿರ ಎಸ್‌ಪಿ ಗೋಪಾಲ್ ಹೊಸೂರು ಅವರ ತಂಡದ ಮೇಲೂ ದಾಳಿಯಾಗಿ ಆರು ಪೊಲೀಸರು ಸತ್ತರು.

ಇದಾದ ಮೇಲೆ ಪಡೆ ದೊಡ್ಡದಾಯಿತು. ತಮಿಳುನಾಡಿನ ಕಡೆಯಿಂದ ವಾಲ್ಟರ್ ದೇವಾರಂ, ನಮ್ಮ ಕಡೆಯಿಂದ ಶಂಕರ ಬಿದರಿ ಮುಂಚೂಣಿಯಲ್ಲಿದ್ದರು. ಗಡಿ ಭದ್ರತಾ ಪಡೆಯನ್ನೂ ಕರೆಸಲಾಯಿತು. ಮರುಭೂಮಿ, ಹಿಮದ ಗಡಿ ಕಾದ ಸೈನಿಕರಿಗೆ ಇಲ್ಲಿನ ಕಾಡೂ ಹೊಸದು, ಜನರ ಮಾತೂ ಹೊಸದು. ಅವರು ಹೆಚ್ಚು ಕಾಲ ಉಳಿಯಲಿಲ್ಲ. ಕಾರ್ಯಪಡೆ ಉಳಿಯಿತು. ನೂರಾರು ಜನರಿದ್ದ ವೀರಪ್ಪನ್ ಗುಂಪು ಆ ಮೂರು ವರ್ಷಗಳಲ್ಲಿ ಬೆರಳೆಣಿಕೆಗೆ ಇಳಿಯಿತು ಎಂಬುದನ್ನು ಎಸ್‌ಟಿಎಫ್‌ನ ಟೀಕಾಕಾರರೂ ಅಲ್ಲಗಳೆಯುವುದಿಲ್ಲ.

ಎರಡು ಕಡೆಯ ಭಯ

ಆದರೆ ಆ ಇಳಿಕೆಗೆ ಬೆಲೆ ತೆತ್ತವರು ಯಾರು? ಕಾಡಂಚಿನ ಬಡವರು. ಗುಂಪಿನವರು ರಾತ್ರಿ ಬಂದು ಅಕ್ಕಿ, ರಾಗಿ ಕೇಳುತ್ತಿದ್ದರು. ಕೊಡದಿದ್ದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಬೆಳಗಾದರೆ ಪೊಲೀಸರು ಬಂದು ಯಾರು ಕೊಟ್ಟಿದ್ದೆಂದು ಕೇಳುತ್ತಿದ್ದರು. ಪೊಲೀಸರಿಗೆ ಹೇಳಿದರೆ ‘ಮಾಹಿತಿದಾರ’ ಎಂದು ಅವನು ಕೊಲ್ಲುತ್ತಾನೆ, ಹೇಳದಿದ್ದರೆ ‘ವೀರಪ್ಪನ್ ಕಡೆಯವನು’ ಎಂದು ಇವರು ಎಳೆದೊಯ್ಯುತ್ತಾರೆ. ಸೋಲಿಗರು ಜೇನು, ನೆಲ್ಲಿಕಾಯಿ, ಪಾಸಿಗೆ ಹೋಗುವ ಕಾಡೇ ಅನುಮಾನದ ಜಾಗವಾಯಿತು. ದನ ಮೇಯಿಸಲು ಹೋದವರು ಯಾಕೆ ಹೋಗಿದ್ದೆಂದು ಉತ್ತರ ಹೇಳಬೇಕಾಯಿತು.

ಆಗ ಟಾಡಾ ಎಂಬ ಭಯೋತ್ಪಾದನಾ ನಿಗ್ರಹ ಕಾಯ್ದೆ ಜಾರಿಯಲ್ಲಿತ್ತು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಟಾಡಾದಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡರೆ ಅದೇ ಸಾಕ್ಷ್ಯ. ಜಾಮೀನು ಸಿಗುವುದು ಬಹಳ ಕಷ್ಟ. ನಮ್ಮ ಕಡೆಯ ನೂರಕ್ಕೂ ಹೆಚ್ಚು ಜನರ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ಹೂಡಲಾಯಿತು. ಹಲವರು ಸುಮಾರು ಎಂಟು ವರ್ಷ ಮೈಸೂರಿನ ಜೈಲಿನಲ್ಲಿ ಕಳೆದರು. 1995ರಲ್ಲಿ ಕಾಯ್ದೆಯೇ ಕೊನೆಗೊಂಡಿತು, ಆದರೆ ಹೂಡಿದ್ದ ಮೊಕದ್ದಮೆಗಳು ಮುಗಿಯಲಿಲ್ಲ.

ಒಬ್ಬ ತಂದೆಯ ಅರ್ಜಿ

2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದು ಎಲ್ಲರಿಗೂ ಗೊತ್ತು. 108 ದಿನ ಕರ್ನಾಟಕ ಉಸಿರು ಬಿಗಿಹಿಡಿದಿತ್ತು. ಅವನ ಬೇಡಿಕೆಗಳಲ್ಲಿ ಒಂದು, ಮೈಸೂರಿನ ಟಾಡಾ ಕೈದಿಗಳ ಬಿಡುಗಡೆ. ಸರ್ಕಾರ ಆ ಆರೋಪಗಳನ್ನು ಹಿಂಪಡೆಯಲು ಒಪ್ಪಿತು. ಆಗ ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಅವರು ಅಬ್ದುಲ್ ಕರೀಂ, ಮೀಣ್ಯಂನಲ್ಲಿ ಸತ್ತ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ.

ಇಡೀ ರಾಜ್ಯ ‘ಅಣ್ಣಾವ್ರು ಬಂದರೆ ಸಾಕು’ ಎನ್ನುತ್ತಿದ್ದಾಗ, ಒಬ್ಬ ವಯಸ್ಸಾದ ತಂದೆ ನ್ಯಾಯಾಲಯದ ಮುಂದೆ ನಿಂತು ಪ್ರಕರಣವನ್ನು ಒತ್ತಡಕ್ಕೆ ಮಣಿದು ಕೈಬಿಡಬಾರದು ಎಂದು ಕೇಳುವುದು ಎಷ್ಟು ಕಷ್ಟ ಯೋಚಿಸಿ. 2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಅವರ ವಾದ ಒಪ್ಪಿ, ಆರೋಪ ಹಿಂಪಡೆಯುವ ಕ್ರಮವನ್ನು ರದ್ದು ಮಾಡಿತು. ನವೆಂಬರ್ 15ರಂದು ರಾಜ್‌ಕುಮಾರ್ ಕೂಡ ಕ್ಷೇಮವಾಗಿ ಬಿಡುಗಡೆಯಾದರು.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ವಿಚಾರಣೆ ಮುಂದುವರಿದು 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ಬಹುಪಾಲು ಜನ ನಿರ್ದೋಷಿಗಳೆಂದು ಬಿಡುಗಡೆಯಾದರು. ಕೆಲವರಿಗಷ್ಟೇ ಶಿಕ್ಷೆಯಾಯಿತು. ಅವರಲ್ಲಿ ನಾಲ್ವರ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಮರಣದಂಡನೆಗೆ ಏರಿಸಿತು. ಕ್ಷಮಾದಾನ ಅರ್ಜಿ ತೀರ್ಮಾನವಾಗದೆ ವರ್ಷಗಟ್ಟಲೆ ಕೊಳೆತ ಕಾರಣಕ್ಕೆ 2014ರ ಜನವರಿಯಲ್ಲಿ ಅದೇ ನ್ಯಾಯಾಲಯ ಮತ್ತೆ ಜೀವಾವಧಿಗೆ ಇಳಿಸಿತು.

ಇದರಿಂದ ಏನು ತಿಳಿಯುತ್ತದೆ? ಅಪಹರಣಕಾರ ಹೇಳಿದ ಎಂಬ ಕಾರಣಕ್ಕೆ ಅವರನ್ನು ಬಿಡಬಾರದು ಎಂದ ತಂದೆಯೂ ಸರಿ. ಸಾಕ್ಷ್ಯ ಇಲ್ಲದ್ದಕ್ಕೆ ಬಿಟ್ಟ ನ್ಯಾಯಾಧೀಶರೂ ಸರಿ. ಇಬ್ಬರೂ ಹೇಳಿದ್ದು ಒಂದೇ ಮಾತು: ತೀರ್ಮಾನ ನ್ಯಾಯಾಲಯದ್ದಾಗಬೇಕು, ಬಂದೂಕಿನದ್ದಲ್ಲ. ಆದರೆ ಆ ತೀರ್ಮಾನ ಬರಲು ಎಂಟು ವರ್ಷ ಹಿಡಿದರೆ ನಿರ್ದೋಷಿಯ ಪಾಲಿಗೆ ಅದೇ ಶಿಕ್ಷೆ.

ಸದಾಶಿವ ಸಮಿತಿ ಕೇಳಿಸಿಕೊಂಡದ್ದು

ಕಾರ್ಯಪಡೆಯ ವಿರುದ್ಧ ದೂರುಗಳು ಹೆಚ್ಚಿದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಸಮಿತಿ ನೇಮಿಸಿತು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅಧ್ಯಕ್ಷರು, ಸಿಬಿಐ ನಿರ್ದೇಶಕರಾಗಿದ್ದ ಸಿ.ವಿ. ನರಸಿಂಹನ್ ಸದಸ್ಯರು. ಎರಡೂ ರಾಜ್ಯಗಳ ಹಳ್ಳಿಯವರು ಬಂದು ಹೇಳಿಕೆ ಕೊಟ್ಟರು. ಅಕ್ರಮ ಬಂಧನ, ಹೊಡೆತ, ವಿದ್ಯುತ್ ಶಾಕ್, ಹೆಂಗಸರ ಮೇಲಿನ ದೌರ್ಜನ್ಯ, ‘ಎನ್‌ಕೌಂಟರ್’ ಹೆಸರಿನ ಸಾವುಗಳು. ಮಾದಪ್ಪನ ಬೆಟ್ಟದ ಶಿಬಿರದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದ ಜಾಗದ ಬಗ್ಗೆ ಸಾಕ್ಷಿಗಳು ಹೇಳಿದರು. ಗ್ಯಾರೇಜಿನಲ್ಲಿ ಯಂತ್ರ ಬಿಚ್ಚುವುದಕ್ಕೆ ಇರುವ ಪದ ಅದು.

2003ರ ಡಿಸೆಂಬರ್‌ನಲ್ಲಿ ಸಮಿತಿ ವರದಿ ಸಲ್ಲಿಸಿತು. ಎಲ್ಲ ಆರೋಪಗಳೂ ಸಾಬೀತಾಗಲಿಲ್ಲ. ಆದರೆ ಹಲವರು ಅಕ್ರಮ ಬಂಧನ, ಚಿತ್ರಹಿಂಸೆ ಅನುಭವಿಸಿದ್ದು ನಿಜವೆಂದು ಸಮಿತಿ ಒಪ್ಪಿತು. ಅದರ ಆಧಾರದ ಮೇಲೆ 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಎರಡೂ ಸರ್ಕಾರಗಳಿಗೆ ಹೇಳಿತು. ಲೆಕ್ಕ ಹಾಕಿದರೆ ತಲೆಗೆ ಸರಾಸರಿ 3 ಲಕ್ಷ ಚಿಲ್ಲರೆ.

ಈ ವರದಿಯ ನೆರಳು ಬಹಳ ದೂರ ಚಾಚಿತು. 2012ರಲ್ಲಿ, ಹಿಂದೆ ಎಸ್‌ಟಿಎಫ್ ನಡೆಸಿದ್ದ ಅಧಿಕಾರಿಯೊಬ್ಬರನ್ನು ರಾಜ್ಯ ಪೊಲೀಸ್ ಮುಖ್ಯಸ್ಥರನ್ನಾಗಿ ನೇಮಿಸಿದ್ದನ್ನು ಹೈಕೋರ್ಟ್ ರದ್ದು ಮಾಡಿದಾಗ ಕಾಡಿನ ಹಳ್ಳಿಗಳ ಆ ಹೇಳಿಕೆಗಳೂ ಚರ್ಚೆಗೆ ಬಂದವು.

ಗುಂಡಿಗಿಂತ ಗುಟ್ಟು ಗೆದ್ದಿತು

2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯ ಮನೆಯಿಂದಲೇ ವೀರಪ್ಪನ್ ಎತ್ತಿಕೊಂಡು ಹೋದ. ಡಿಸೆಂಬರ್ 8ರಂದು ಚಂಗಡಿ ಕಾಡಿನಲ್ಲಿ ಅವರ ಶವ ಸಿಕ್ಕಿತು. ಕೊಳ್ಳೇಗಾಲ ಸೀಮೆಗೆ ಅದು ಮನೆಯ ಸಾವೇ ಆಗಿತ್ತು.

ಕೊನೆಗೆ 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ, ಕೆ. ವಿಜಯ್ ಕುಮಾರ್ ನೇತೃತ್ವದ ತಮಿಳುನಾಡು ಪಡೆ ವೀರಪ್ಪನ್ ಮತ್ತು ಮೂವರು ಸಹಚರರನ್ನು ಕೊಂದಿತು. ಕಣ್ಣಿನ ಚಿಕಿತ್ಸೆಗೆಂದು ಅವನು ಹತ್ತಿದ ಆಂಬುಲೆನ್ಸ್ ಪೊಲೀಸರದ್ದೇ ಆಗಿತ್ತು. ಸಾವಿರಾರು ಜನರನ್ನು ಪ್ರಶ್ನಿಸಿ, ನೂರಾರು ಜನರನ್ನು ಎಳೆದೊಯ್ದು ಆಗದ ಕೆಲಸ, ತಿಂಗಳುಗಟ್ಟಲೆ ತಾಳ್ಮೆಯಿಂದ ಹೆಣೆದ ಗುಪ್ತಚರ ಬಲೆಯಿಂದ ಆಯಿತು. ಜೀವಂತ ಹಿಡಿಯಬಹುದಿತ್ತಲ್ಲವೇ ಎಂದು ಕೇಳಿದವರು ಅಂದೂ ಇದ್ದರು. ಅವನಿಗೆ ಯಾರು ಯಾರು ಆಶ್ರಯ ಕೊಟ್ಟಿದ್ದರು, ಗಂಧ ಕೊಂಡವರು ಯಾರು ಎಂಬ ಪ್ರಶ್ನೆಗಳು ಅವನ ಜೊತೆಗೇ ಮಣ್ಣಾದವು.

ಆಗ ತಮಿಳುನಾಡು ಸರ್ಕಾರ ಪಡೆಯ ಪ್ರತಿಯೊಬ್ಬರಿಗೂ 3 ಲಕ್ಷ ರೂಪಾಯಿ, ಮನೆ ನಿವೇಶನ, ಒಂದು ಹಂತದ ಬಡ್ತಿ ಘೋಷಿಸಿತು. ಕಾಡಿನಲ್ಲಿ ವರ್ಷಗಟ್ಟಲೆ ನವೆದವರಿಗೆ ಅದು ಸಲ್ಲಬೇಕಾದ್ದೇ. ಆದರೆ ತಪ್ಪಿಲ್ಲದೆ ನೋವುಂಡ ಹಳ್ಳಿಯವರಿಗೂ ಹೆಚ್ಚುಕಡಿಮೆ ಅಷ್ಟೇ ಹಣವೆಂದು ತೀರ್ಮಾನವಾಗಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು ಎಂಬುದೂ ನೆನಪಿರಲಿ.

ಬೇರೆ ಕಡೆಯ ಸ್ವಯಂಸೇವಕ ಪೊಲೀಸರು

ಇದು ನಮ್ಮ ಕಾಡಿನ ಕಥೆ ಮಾತ್ರ ಅಲ್ಲ. ಪತ್ರಿಕೆಗಳಲ್ಲಿ ಯುಕ್ರೇನ್ ಯುದ್ಧದ ಸುದ್ದಿ ಓದುವಾಗ ‘ಅಜೋವ್’ ಎಂಬ ಹೆಸರು ನೋಡಿರುತ್ತೀರಿ. 2014ರಲ್ಲಿ ಅಲ್ಲಿನ ಪೂರ್ವ ಭಾಗದಲ್ಲಿ ಬಂಡಾಯ ಎದ್ದಾಗ ಮಾಮೂಲಿ ಪೊಲೀಸರಲ್ಲಿ ಕೆಲವರು ಕೈಚೆಲ್ಲಿದರು, ಕೆಲವರು ಪಕ್ಷ ಬದಲಿಸಿದರು. ಆಗ ಅಲ್ಲಿನ ಗೃಹ ಇಲಾಖೆ ಸ್ವಯಂಸೇವಕರನ್ನು ಸೇರಿಸಿ ವಿಶೇಷ ಗಸ್ತು ಪೊಲೀಸ್ ದಳಗಳನ್ನು ಕಟ್ಟಿತು. ಅಜೋವ್ ಅಂಥದ್ದೊಂದು. ಮೇ ತಿಂಗಳಲ್ಲಿ ಬೆಟಾಲಿಯನ್, ಕೆಲವೇ ತಿಂಗಳಲ್ಲಿ ರೆಜಿಮೆಂಟ್, ವರ್ಷ ಮುಗಿಯುವುದರೊಳಗೆ ರಾಷ್ಟ್ರೀಯ ಗಾರ್ಡ್‌ನ ಭಾಗ. ಅದನ್ನು ಕಟ್ಟಿದವರ ಉಗ್ರ ಬಲಪಂಥೀಯ ಹಿನ್ನೆಲೆ ಜಗತ್ತಿನಾದ್ಯಂತ ಟೀಕೆಗೆ ಗುರಿಯಾಯಿತು. 2022ರಲ್ಲಿ ಮರಿಯುಪೋಲ್‌ನ ಉಕ್ಕಿನ ಕಾರ್ಖಾನೆಯಲ್ಲಿ ಮುತ್ತಿಗೆಗೆ ಸಿಕ್ಕಿ ಕಾದಾಡಿದ್ದೂ ಅದೇ ಪಡೆ. ಇನ್ನೊಂದು ದಳ ‘ಟೊರ್ನಾಡೊ’. ಸೆರೆಸಿಕ್ಕವರಿಗೆ ಚಿತ್ರಹಿಂಸೆ ಕೊಟ್ಟ ಆರೋಪದ ಮೇಲೆ ಸರ್ಕಾರವೇ 2015ರಲ್ಲಿ ಅದನ್ನು ವಿಸರ್ಜಿಸಿತು. 2017ರಲ್ಲಿ ಅದರ ಮುಖ್ಯಸ್ಥನಿಗೂ ಸದಸ್ಯರಿಗೂ ಜೈಲಾಯಿತು. ಯುದ್ಧ ನಡೆಯುತ್ತಿದ್ದಾಗಲೇ ತನ್ನವರನ್ನೇ ವಿಚಾರಣೆಗೆ ಒಡ್ಡಿದ್ದು ಗಮನಿಸಬೇಕಾದ ಸಂಗತಿ.

ನಮ್ಮ ದೇಶದಲ್ಲೇ ಛತ್ತೀಸಗಡವನ್ನು ನೋಡಿ. ಮಾವೋವಾದಿಗಳ ವಿರುದ್ಧ ಸ್ಥಳೀಯ ಆದಿವಾಸಿ ಹುಡುಗರನ್ನು ‘ವಿಶೇಷ ಪೊಲೀಸ್ ಅಧಿಕಾರಿ’ಗಳೆಂದು ಸೇರಿಸಿಕೊಂಡರು. ಐದನೇ ತರಗತಿ ಓದಿದ್ದರೆ ಸಾಕು, ತಿಂಗಳಿಗೆ 3 ಸಾವಿರ ರೂಪಾಯಿ ಗೌರವಧನ, ಅಲ್ಪಸ್ವಲ್ಪ ತರಬೇತಿ, ಕೈಗೆ ಬಂದೂಕು. 2011ರ ಜುಲೈ 5ರಂದು ಸುಪ್ರೀಂ ಕೋರ್ಟ್ ಇದು ಸಂವಿಧಾನಬಾಹಿರ ಎಂದು ನಿಲ್ಲಿಸಿತು. ಆ ಹುಡುಗರ ಜೀವಕ್ಕೂ, ಅವರ ಎದುರಿಗಿದ್ದವರ ಜೀವಕ್ಕೂ ಬೆಲೆಯಿದೆ ಎಂಬುದು ಆ ತೀರ್ಪಿನ ತಿರುಳು. ಕೆಲಸ ಸಿಗದೆ ಕಾದು ಕೂತ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಹಸಿದವನ ಕೈಗೆ ಬಂದೂಕು ಕೊಟ್ಟು ‘ನೀನೇ ಸ್ವಇಚ್ಛೆಯಿಂದ ಬಂದೆ’ ಎನ್ನುವುದು ಸುಲಭ.

ನಮಗೇನು ಪಾಠ?

ವಿಶೇಷ ಪಡೆಗಳು ಇನ್ನೂ ಹುಟ್ಟುತ್ತಲೇ ಇರುತ್ತವೆ. ವೀರಪ್ಪನ್ ಕಥೆ ಮುಗಿಯುತ್ತಿದ್ದಂತೆ 2005ರಲ್ಲಿ ಮಲೆನಾಡಿಗೆ ನಕ್ಸಲ್ ನಿಗ್ರಹ ಪಡೆ ಬಂತು. 2025ರಲ್ಲಿ ಅದರ ಕೆಲಸ ಮುಗಿದಾಗ ಅದೇ ಸಿಬ್ಬಂದಿಯಲ್ಲಿ ಕೆಲವರನ್ನು ಸೇರಿಸಿ ಕರಾವಳಿಗೆ ವಿಶೇಷ ಕಾರ್ಯಾಚರಣೆ ಪಡೆ ಕಟ್ಟಿದರು. ನಾಳೆ ನಮ್ಮಲ್ಲೇ ಯಾರೋ ಒಬ್ಬರು ಇಂಥ ಪಡೆಗೆ ಆಯ್ಕೆಯಾಗಬಹುದು. ಆಗ ಮೇಲಧಿಕಾರಿಯ ಬಾಯಿಂದ ‘ಇವನಿಗೆ ಸ್ವಲ್ಪ ಬುದ್ಧಿ ಕಲಿಸು’ ಎಂಬ ಮಾತು ಬಂದರೆ ಏನು ಮಾಡುತ್ತೀರಿ? ಆ ಹೊತ್ತಿನಲ್ಲಿ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಈಗಲೇ ತಿಳಿದಿರಬೇಕು.

ಬಂಧಿಸುವಾಗ ಅನುಸರಿಸಬೇಕಾದ ಕ್ರಮವನ್ನು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಪಟ್ಟಿ ಮಾಡಿದೆ. ಪೊಲೀಸರ ಎದೆಯ ಮೇಲೆ ಹೆಸರಿರಬೇಕು. ಬಂಧನದ ಪಂಚನಾಮೆಗೆ ಸಾಕ್ಷಿ ಬೇಕು. ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನವೇ ಹೇಳುತ್ತದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಂತೆ ಪೊಲೀಸರ ವಿರುದ್ಧದ ದೂರು ಕೇಳಲು ಪ್ರಾಧಿಕಾರ ಇರಬೇಕು. ಇವನ್ನು ಪರೀಕ್ಷೆಯ ಎರಡು ಅಂಕಕ್ಕೆ ಓದಿ ಮರೆಯಬೇಡಿ. ಈ ನಿಯಮಗಳಲ್ಲಿ ಒಂದೊಂದನ್ನೂ ಮುರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ತಾಲ್ಲೂಕುಗಳಲ್ಲೇ ಉದಾಹರಣೆ ಇದೆ.

ಹಾಗೆಂದು ಎಸ್‌ಟಿಎಫ್‌ನವರೆಲ್ಲ ಕೆಟ್ಟವರು ಎನ್ನುವುದು ಮಹಾ ಅನ್ಯಾಯ. ಹರಿಕೃಷ್ಣ, ಶಕೀಲ್ ಅಹಮದ್, ರಾಮಾಪುರ ಠಾಣೆಯ ಐವರು, ಹೆಸರು ಗೊತ್ತಿಲ್ಲದ ಎಷ್ಟೋ ಪೇದೆಗಳು ನಮ್ಮ ಊರುಗಳನ್ನು ಕಾಯಲು ಬಂದು ಜೀವ ಬಿಟ್ಟರು. ಅವರ ತ್ಯಾಗಕ್ಕೆ ಕಳಂಕ ತಂದದ್ದು ಟೀಕೆ ಮಾಡಿದವರಲ್ಲ, ಅವರದ್ದೇ ಸಮವಸ್ತ್ರ ತೊಟ್ಟು ಅಮಾಯಕರನ್ನು ಹಿಂಸಿಸಿದವರು. ಹುತಾತ್ಮರ ಹೆಸರಿನ ಮರೆಯಲ್ಲಿ ತಪ್ಪಿತಸ್ಥರು ಅಡಗಬಾರದು.

ಇಂದು ಗೋಪಿನಾಥಂಗೆ ಪ್ರವಾಸಿಗರು ಬರುತ್ತಾರೆ, ಟೆಂಟಿನಲ್ಲಿ ಉಳಿಯುತ್ತಾರೆ, ಕಾಡು ಸುತ್ತುತ್ತಾರೆ. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಿಂದ ವನ್ಯಜೀವಿಧಾಮ. ದೀಪಾವಳಿ, ಶಿವರಾತ್ರಿಗೆ ಲಕ್ಷಾಂತರ ಪರಸೆಯವರು ‘ಉಘೇ ಮಾದಪ್ಪ’ ಎನ್ನುತ್ತಾ ರಾತ್ರಿಯೂ ನಡೆಯುತ್ತಾರೆ. ಆ ದಾರಿ ಸುರಕ್ಷಿತವಾಗಿದೆ ಎಂದರೆ ಅದಕ್ಕೆ ಸತ್ತ ಪೊಲೀಸರೂ ಕಾರಣ, ನ್ಯಾಯಾಲಯದ ಬಾಗಿಲು ತಟ್ಟಿದ ತಂದೆಯೂ ಕಾರಣ, ಹೆದರಿಕೆ ಬಿಟ್ಟು ಸಮಿತಿಯ ಮುಂದೆ ಬಾಯಿಬಿಟ್ಟ ಹಳ್ಳಿಯ ಹೆಂಗಸರೂ ಕಾರಣ. ಗೆಳೆಯರೇ, ಕಾಕಿ ತೊಟ್ಟವರಿಗೆ ಕೊನೆಗೆ ಉಳಿಯುವ ಮರ್ಯಾದೆ ಪದಕದಿಂದಲೋ ನಿವೇಶನದಿಂದಲೋ ಬರುವುದಿಲ್ಲ. ನೀವು ಕೆಲಸ ಮಾಡಿದ ಊರಿಗೆ ಇಪ್ಪತ್ತು ವರ್ಷ ಬಿಟ್ಟು ಹೋದಾಗ, ಯಾವುದಾದರೂ ಮನೆಯ ಜಗಲಿಯಲ್ಲಿ ಕೂತ ಅಜ್ಜಿ ‘ಬನ್ನಿ ಸ್ವಾಮಿ, ನೀರು ಕುಡೀರಿ’ ಅನ್ನುತ್ತಾಳೋ, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೋ ಎಂಬುದರ ಮೇಲೆ ಅದು ನಿಂತಿದೆ.